ಹೋಗಿ ಬರ್ತೀನ್ರಿ

ಈಗೀಗ ನನಗೆ ಎಲ್ಲದರಲ್ಲೂ ಬೇಸರ. ಕೊಟ್ಟೂರಿನ ಕಾಲೇಜಿನಲ್ಲಿ ಗಣಿತ ಹೇಳಿ ಹೇಳಿ ಗಂಟಲು ಸವೆದಿದೆ. ಬೋರ್ಡು ಒರೆಸುವಾಗ ನನ್ನನ್ನೇ ಒರೆಸಿಕೊಂಡಂತಾಗುತ್ತದೆ. ಬೇಸರವಾಗದೆ ಉಳಿದದ್ದು ಸಂಜೆಯ ಕೇರಂ ಒಂದೇ. ಅದಕ್ಕೂ ನನ್ನ ಗಣಿತವೇ ಕಲ್ಲು ಹಾಕಿತು.

ಬೋರ್‌ವೆಲ್ ಮೋಟರಿಗೆ ತಂತಿ ಸುತ್ತುವ ಖಾಜಾ ನನ್ನ ಜೊತೆಗಾರ. ಅವನ ಅಂಗಡಿಯ ಮುಂದೆ, ಹಳೆಯ ಡ್ರಮ್ಮಿನ ಮೇಲೆ ನಮ್ಮ ಬೋರ್ಡು. ಆಟ ಮುಗಿಸಿ ಷಟರ್ ಎಳೆದವನು "ಹೋಗಿ ಬರ್ತೀನ್ರಿ ಸರ" ಎನ್ನುತ್ತಾನೆ. ನಮ್ಮ ಕಡೆ ಬರೀ "ಹೋಗ್ತೀನಿ" ಎಂದರೆ ಒಳ್ಳೆಯದಲ್ಲ. ಹರಪನಹಳ್ಳಿ ಬಸ್ಸು ಹತ್ತುವವನೂ, ಪಕ್ಕದ ಓಣಿಗೆ ಹೋಗುವವನೂ ಬರುವ ಮಾತು ಇಟ್ಟೇ ಹೊರಡಬೇಕು.

ಚಲನ ವ್ಯವಸ್ಥೆಗಳ ಗಣಿತ ಎಂದೊಂದಿದೆ. ಹೊರಟದ್ದು ಕೊನೆಗೆ ಏನಾಗುತ್ತದೆ ಎಂಬುದೇ ಅದರ ಚಿಂತೆ. ನಮ್ಮ ಅಜ್ಜಿಯ ಚಿಂತೆಯೂ ಅದೇ ಆಗಿತ್ತು. ಅದರಲ್ಲೊಂದು ಬಗೆಹರಿಯದ ಪ್ರಶ್ನೆ. ಕೇರಂ ಬೋರ್ಡು ಚೌಕವಲ್ಲ, ತ್ರಿಕೋನ ಎಂದುಕೊಳ್ಳಿ. ತೂತುಗಳಿಲ್ಲ, ಘರ್ಷಣೆಯಿಲ್ಲ, ಪೌಡರಿನ ಖರ್ಚೂ ಇಲ್ಲ. ಕಾಯಿ ಅಂಚಿಗೆ ಬಡಿದು ಬಡಿದು, ಹೊರಟ ಜಾಗಕ್ಕೆ ಮರಳಿ, ಹೊರಟ ದಿಕ್ಕಿನಲ್ಲೇ ಮತ್ತೆ ಸಾಗುವಂತೆ ಹೊಡೆಯಬಹುದೇ? ಮೂಲೆಗಳೆಲ್ಲ ಚೂಪಾಗಿದ್ದರೆ ಖಂಡಿತ. ಒಂದು ಮೂಲೆ ನೆಟ್ಟಗಿನ ಲಂಬಕೋನವಾದರೂ ಆದೀತು. ಅದಕ್ಕಿಂತ ಕೊಂಚ ಅಗಲಿಸಿದರೂ ಬಲ್ಲವರು ನಿಭಾಯಿಸಿದ್ದಾರೆ. ಇನ್ನೂ ಬಾಯಿ ತೆರೆದ ತ್ರಿಕೋನಗಳಿಗೆಲ್ಲ ಅಂಥ ದಾರಿ ಉಂಟೇ? ಯಾರಿಗೂ ಗೊತ್ತಿಲ್ಲ. ಮಂಗಳ ಗ್ರಹಕ್ಕೆ ನೌಕೆ ಕಳಿಸಿದವರಿಗೂ ಗೊತ್ತಿಲ್ಲ.

ಈ ಪ್ರಶ್ನೆ ನನ್ನ ತಲೆ ಹೊಕ್ಕು ಬಹಳ ಕಾಲವಾಯಿತು. ಮೊನ್ನೆ ಅದು ತಡೆಯದೆ ಹೊರಬಿತ್ತು. ಖಾಜಾ ರೆಡ್ ಕಾಯಿಯನ್ನು ತೂತಿಗೆ ಹಾಕಿ, ಅದನ್ನು ತನ್ನದಾಗಿಸಿಕೊಳ್ಳುವ ಕವರ್ ಹೊಡೆಯಲು ಬಗ್ಗಿದ್ದ. ನಾನು ಅಂಗಡಿಯ ಎರಡು ಕಬ್ಬಿಣದ ಪಟ್ಟಿ ತಂದು, ಬೋರ್ಡಿನ ಅಂಚಿಗೆ ಓರೆಯಾಗಿ ಇಟ್ಟು ತ್ರಿಕೋನ ಮಾಡಿಬಿಟ್ಟೆ. ಕಾಯಿಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ಆಡಾಕ ಬಂದೀರೋ, ಪಾಠ ಹೇಳಾಕ ಬಂದೀರೋ ಸರ?"

"ತಡಿಯೋ, ಇದು ತಿರುಗಿ ಬರ್ತೈತೇನು ನೋಡೂಣು."

"ದಿನಾ ಗೆಲ್ಲೋರು ನೀವು. ಇವತ್ತೊಂದು ಆಟ ನಂದಿತ್ತು." ಖಾಜಾ ಎದ್ದು ಷಟರ್ ಎಳೆದ. "ಹೋಗ್ತೀನಿ."

ಬರೀ ಹೋಗ್ತೀನಿ!

ಮರುದಿನದಿಂದ ಬೋರ್ಡು ಒಳಗೆ, ಗೋಡೆಗೆ ಮುಖ ಮಾಡಿ ನಿಂತಿತು. ನಾನು ಅಂಗಡಿಯ ಮುಂದೆ ಹಾಯ್ದರೆ ಅವನು ತಂತಿಯಿಂದ ತಲೆ ಎತ್ತುತ್ತಿರಲಿಲ್ಲ. ಜಗತ್ತಿನ ತ್ರಿಕೋನಗಳೆಲ್ಲ ಹಾಳಾಗಿ ಹೋಗಲಿ, ಈ ಒಬ್ಬ ತಿರುಗಿ ಬಂದರೆ ಸಾಕು ಅನ್ನಿಸಿತು. ಮನೆಯಲ್ಲಿ ಕೂತರೆ ಸಂಜೆ ಎಷ್ಟು ಉದ್ದ ಎಂಬುದು ಆಗಲೇ ತಿಳಿದದ್ದು.

ವಾರ ಕಳೆದಿರಬೇಕು. ನಮ್ಮ ಮನೆ ಬಾಗಿಲಲ್ಲಿ ಖಾಜಾ, ಕಂಕುಳಲ್ಲಿ ಬೋರ್ಡು.

"ಆ ಕಾಯಿ ತಿರುಗಿ ಬಂತೇನ್ರಿ ಸರ?"

"ಇಲ್ಲೋ ಮಾರಾಯಾ."

"ನಾ ಬಂದೀನಿ. ರೆಡ್ ನಂದು. ಅಲ್ಲಿಂದನ ಶುರು."

ಅವನೇ ಗೆದ್ದ. ನಾನು ಸೋತದ್ದಕ್ಕೆ ಇಷ್ಟು ಹಿಗ್ಗಿದ್ದು ಇದೇ ಮೊದಲು. ಹೊರಡುವಾಗ ಬೇಕೆಂದೇ "ಹೋಗ್ತೀನ್ರಿ" ಎಂದ. ನನ್ನ ಮುಖ ಕಂಡು, ಓಣಿಯ ತಿರುವಿನಲ್ಲಿ ನಿಂತು ನಕ್ಕು, "ಬರ್ತೀನಿ, ಬರ್ತೀನಿ" ಎಂದು ಕೂಗಿದ.

ಗಣಿತದವನಾದರೂ, ಅದನ್ನು ಸಾಧಿಸಿ ತೋರಿಸು ಎಂದು ನಾನು ಕೇಳಲಿಲ್ಲ.