ಸಾಕ್ಷಿಗೆ ನಿಂತ ಅಕ್ಕ

ಒಟೀಲಿಯಾ ಬೆಳಗ್ಗೆ ಪ್ರಯೋಗಾಲಯಕ್ಕೆ ಬಂದವಳೇ ಡ್ರಾಯರ್ ಎಳೆದು, ಅಲ್ಲಿದ್ದ ಮೇಣದ ಗಟ್ಟಿಯೊಂದಕ್ಕೆ "ಏನಕ್ಕ, ನಿದ್ದೆ ಬಂತಾ?" ಎನ್ನುತ್ತಿದ್ದಳು. ಪೋರ್ತೊದ ನಮ್ಮ ಆಸ್ಪತ್ರೆಗೆ ಹೊಸದಾಗಿ ಸೇರಿದವರಿಗೆ ಮೈ ಜುಮ್ಮೆನ್ನುತ್ತಿತ್ತು. ನನಗಂತೂ ಸಿಟ್ಟೇ ಬರುತ್ತಿತ್ತು. ಸತ್ತವರ ಜೊತೆ ಹರಟೆ ಎಂಥದು!

ಮೇಣದೊಳಗಿದ್ದದ್ದು ಅವಳ ಅಕ್ಕ ಅದೊಝಿಂದಾಳ ಎದೆಯ ಗಡ್ಡೆ. ಆ ಕ್ಯಾನ್ಸರಿಗೆ ಹೊಸ ಮದ್ದು ಬರುವ ಮುಂಚೆಯೇ ತೀರಿಹೋದವಳು. "ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ" ಎಂದು ಅದನ್ನು ನಮಗೇ ಬಿಟ್ಟಿದ್ದಳು. ಮದ್ದು ಯಾರಿಗೆ ಹಿಡಿಯುತ್ತದೆಂದು ತೋರಿಸುವ ಗುರುತು ಅದರಲ್ಲಿ ಢಾಳಾಗಿತ್ತು. ಹಾಗಾಗಿ ಯಾವ ರೋಗಿಯ ಗಡ್ಡೆಯ ಚೂರು ಪರೀಕ್ಷಿಸಿದರೂ ಪಕ್ಕದಲ್ಲಿ ಅಕ್ಕನದೊಂದು ಪದರ, ಸಾಕ್ಷಿಗೆ. ಬಣ್ಣ ಹಾಕಿದಾಗ ಗುರುತಿರುವ ಚೂರು ಹೊಳೆಯುತ್ತದೆ; ಅಕ್ಕನದೇ ಹೊಳೆಯದಿದ್ದರೆ ಪರೀಕ್ಷೆಯನ್ನೇ ನಂಬುವಂತಿಲ್ಲ. ವರ್ಷಗಟ್ಟಲೆ ಒಟೀಲಿಯಾಳೇ ಅಕ್ಕನನ್ನು ಕೊಯ್ದಳು.

ಅವಳಮ್ಮ ಬೈಯುತ್ತಿದ್ದಳು: "ಅರ್ಧ ಮಣ್ಣಲ್ಲಿ, ಅರ್ಧ ನಿನ್ ಡ್ರಾಯರಲ್ಲಿ. ಆ ಆತ್ಮ ಹೋಗೋದಾದ್ರೂ ಎಲ್ಲಿಗೆ?"

ಆ ಮಾತು ನನಗೂ ಅಂಟಿಕೊಂಡಿತು. ಒಬ್ಬನೇ ಇದ್ದಾಗ ಬೆನ್ನ ಹಿಂದೆ ಯಾರೋ ನಿಂತಂತಾಗುತ್ತಿತ್ತು. ತಿರುಗಿ ನೋಡಲು ಧೈರ್ಯವಿರಲಿಲ್ಲ.

ಆಮೇಲೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳ ಗಾಜಿನ ಬಿಲ್ಲೆ ಬಂತು. ಅದರಲ್ಲಿ ಹನಿ ದ್ರವ ಹರಿದರೆ ಸಾಕು, ಕಾಫಿ ಆರುವುದರೊಳಗೆ ಉತ್ತರ. ಅಷ್ಟೊತ್ತಿಗೆ ಅಕ್ಕನದು ಒಂದೇ ಪದರ ಉಳಿದಿತ್ತು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಆಗಲೇ ಝುಲ್ಮೀರಾಳ ಚೂರು ಬಂತು, ಒಂದೇ ಪರೀಕ್ಷೆಗೆ ಸಾಲುವಷ್ಟು. ಮೀನು ಮಾರುವವಳು, ನಾನು ಚೌಕಾಸಿಗಿಳಿದರೆ "ನಿನ್ ಮುಖ ನೋಡಿ ಬೂತಾಯಿ ಮೀನೂ ಬಾಯಿ ಬಿಟ್ಟಿದೆ ನೋಡು" ಎನ್ನುತ್ತಿದ್ದಳು. ಎದೆಯ ಗಡ್ಡೆ ಶ್ವಾಸಕೋಶಕ್ಕೂ ಇಳಿದಿತ್ತು. ತರಿಸಿದ್ದ ಹೊಸ ಸಾಕ್ಷಿ ಚೂರು ದಾರಿಯಲ್ಲೇ ಕೆಟ್ಟಿತ್ತು. ಇನ್ನೊಂದು ಬರುವವರೆಗೆ ಕಾಯುವಂತಿರಲಿಲ್ಲ.

"ಅಕ್ಕನ್ನ ಕೊಡು" ಎಂದೆ.

"ಕೊಟ್ರೆ ಅವಳು ಖಾಲಿ ಕಣೋ!"

"ಅವಳು ಹೋಗಿ ಎಷ್ಟು ಕಾಲ ಆಯ್ತು ಮಾರಾಯ್ತಿ! ಝುಲ್ಮೀರಾ ಇನ್ನೂ ಉಸಿರಾಡ್ತಿದ್ದಾಳೆ."

"ಮುಚ್ಚು ಬಾಯಿ!" ಎಂದು ಗೊಳೋ ಎಂದು ಅತ್ತಳು. ಅತ್ತು, ಮೂಗೊರೆಸಿಕೊಂಡು, ತಾನೇ ಆ ಪದರವನ್ನು ಝುಲ್ಮೀರಾಳ ಚೂರಿನ ಪಕ್ಕ ಕೂರಿಸಿ ಬಿಲ್ಲೆ ಮುಚ್ಚಿದಳು.

ಪರದೆಯ ಮೇಲೆ ಅಕ್ಕ ಕೆಂಪಗೆ ಬೆಳಗಿದಳು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಬೆಳಗಿರಲಿಲ್ಲ. ಪಕ್ಕದ ಚೂರು ಕಪ್ಪಗಿತ್ತು. ಕಾದೆವು. ಕಪ್ಪಗೇ ಇತ್ತು. ಪರೀಕ್ಷೆ ತಪ್ಪಿರಬಹುದು ಎನ್ನಲು ದಾರಿಯೇ ಉಳಿಯಲಿಲ್ಲ.

ಝುಲ್ಮೀರಾಳಿಗೆ ಆ ಮದ್ದು ಹಿಡಿಯುವುದಿಲ್ಲವೆಂದು ಡಾಕ್ಟರಿಗೆ ತಿಳಿಸಲು ನಾನು ಎದ್ದೆ. ಒಟೀಲಿಯಾ ಪರದೆಯ ಮುಂದಿನಿಂದ ಕದಲಲಿಲ್ಲ.

"ಒಂದೇ ಒಂದ್ಸಲ ಸುಳ್ಳು ಹೇಳಕ್ಕಾಗ್ಲಿಲ್ವಾ ಅಕ್ಕ, ನಿಂಗೆ?" ಎಂದಳು.