ಸೋದರಮಾವನೋ, ದೊಡ್ಡಪ್ಪನೋ?

ಬೆಳಿಗ್ಗೆ ಮಳವಳ್ಳಿಯ ನಮ್ಮ ಹೊಸ ಅಡುಗೆಮನೆಯಲ್ಲಿ ಇವರು ದಾಳಿಂಬೆ ಬಿಡಿಸಿ ನನ್ನ ಅಂಗೈಗೆ ಸುರಿದರು. ಆ ಕೆಂಪು ಕಂಡದ್ದೇ ತಡ, ನಾನು ಮದ್ದೂರಿನ ಅಜ್ಜಿಯ ಜಗಲಿಗೆ ಹಾರಿಹೋದೆ!

ನಾನಾಗ ಇನ್ನೂ ಶಾಲೆಯ ಹುಡುಗಿ; ಮರುದಿನ ಮಂಡ್ಯದ ನಮ್ಮ ಇಂಗ್ಲಿಷ್ ಶಾಲೆಗೆ ಇನ್ಸ್‌ಪೆಕ್ಟರು ಬರುವವರಿದ್ದರು. ಅವರೆದುರು ತಪ್ಪಿದರೆ ಓದು ಬಿಡಿಸುತ್ತೇನೆಂದು ಅಪ್ಪ ಹೇಳಿಬಿಟ್ಟಿದ್ದರು. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಗೆ ನಾನು ಗ್ರೀಕ್ ದೇವತೆಗಳ ಪಾಠ ಒಪ್ಪಿಸುತ್ತಿದ್ದೆ: ಪಾತಾಳದ ದೊರೆ ಹೇಡೀಸ್ ಪರ್ಸೆಫೋನಿಯನ್ನು ಹೊತ್ತೊಯ್ದು ಮದುವೆಯಾದ; ಅವನು ಅವಳ ಅಂಕಲ್.

“ಅಂಕಲ್ಲು ಅಂದ್ರೆ ಏನಾಗ್ಬೇಕು ಕಣಮ್ಮಿ? ಸೋದರಮಾವನೋ, ದೊಡ್ಡಪ್ಪನೋ?”

ಪುಸ್ತಕದಲ್ಲಿ ಅದಿರಲಿಲ್ಲ. ನನ್ನನ್ನು ಕೇಳಿ ಕೇಳಿ ಅಜ್ಜಿ ಒಬ್ಬೊಬ್ಬರಿಗೆ ಒಂದೊಂದರಂತೆ ಮೊರದಲ್ಲಿ ಅವರೆಕಾಳು ಜೋಡಿಸಿದಳು. ಹಿರಿಯಳು ಹುಡುಗಿಯ ಅಮ್ಮ ಡಿಮೀಟರ್, ಆಮೇಲೆ ಹೇಡೀಸ್, ಕಿರಿಯವನು ಹುಡುಗಿಯ ಅಪ್ಪ ಜೀಯಸ್. ಮೂವರೂ ಒಂದೇ ತಾಯಿಯ ಮಕ್ಕಳು.

“ಅಕ್ಕ ತಮ್ಮನೇ ಗಂಡ ಎಂಡ್ತಿಯಾ? ಥೂ, ಅದ್ನ ಬುಡು. ಅವ್ವನ ತಮ್ಮ ಸೋದರಮಾವ, ಎಣ್ಣು ಕೊಡ್ಬೋದು. ಅಪ್ಪನ ಅಣ್ಣ ದೊಡ್ಡಪ್ಪ, ಕೊಡಂಗಿಲ್ಲ. ಎರಡೂ ಇವ್ನೇ! ಆ ದೇವ್ರುಗಳ್ಗೆ ಏಳೋರು ಕೇಳೋರು ಇರ್ಲಿಲ್ವಾ?”

ಮರುದಿನ ಸರಿಗೆ ಪೇಟದ ಇನ್ಸ್‌ಪೆಕ್ಟರು ಕೇಳಿದ್ದೂ ಹೇಡೀಸ್ ಅವಳಿಗೆ ಏನಾಗಬೇಕೆಂದೇ! ಎಲ್ಲರೂ ‘ಅಂಕಲ್’ ಎಂದರು. “ಯಾವ ಕಡೆಯಿಂದ?” ಎಂದು ಅವರು ಮತ್ತೆ ಕೇಳಿದರು. ನಾನು ಎದ್ದು ನಿಂತು ಅಜ್ಜಿಯ ತೀರ್ಪನ್ನು ಹಾಗೆಯೇ ಒಪ್ಪಿಸಿದೆ. ಪೇಟ ಜಾರುವಷ್ಟು ನಕ್ಕ ಅವರು, “ಭೇಷ್! ಈ ಹುಡುಗಿ ಓದಲೇಬೇಕು” ಎಂದರು. ಅಪ್ಪ ಮತ್ತೆ ಆ ಮಾತೆತ್ತಲಿಲ್ಲ.

ಆರು ದಾಳಿಂಬೆ ಕಾಳು ತಿಂದದ್ದಕ್ಕೆ ಪರ್ಸೆಫೋನಿ ವರ್ಷಕ್ಕೆ ಆರು ತಿಂಗಳು ಗಂಡನ ಮನೆಯಲ್ಲಿರಬೇಕಾಯಿತಂತೆ. ನಾನೀಗ ಇಡೀ ಹಣ್ಣು ಮುಗಿಸಿದ್ದೇನೆ! ಆಷಾಢಕ್ಕೆ ತವರಿಗೆ ಕರೆದೊಯ್ಯಲು ನಾಳೆ ಅಪ್ಪ ಬರುತ್ತಾರೆ. ಬರಲಾಗದು ಎಂದು ಅವರಿಗೆ ಕಾರಣಸಮೇತ ವಿವರಿಸಬೇಕು. ಓದಿದವಳು ನಾನೇ ತಾನೇ!