ಮೇಷ್ಟ್ರ ಮೇಜಿನ ಮೇಲಿದ್ದ ನನ್ನ ಬಳೆ

ಕಳೆದ ತಿಂಗಳು ಮೊಮ್ಮಗಳಿಗೆ ಬಳೆ ಕೊಡಿಸಲು ಚಿಂತಾಮಣಿಗೆ ಹೋಗಿದ್ದೆ. ಬಳೆಗಾರ ಒಂದು ದೊಡ್ಡ ಬಳೆ, ಒಂದು ಚಿಕ್ಕ ಬಳೆ ತೆಗೆದು ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಇಟ್ಟ. ಎರಡೂ ಹಸಿರು ಗಾಜಿನವು, ಒಂದಕ್ಕೊಂದು ತಾಕಿಕೊಂಡಿದ್ದವು. ಥಟ್ಟನೆ ನಮ್ಮ ಸಮಾಜ ಪಾಠದ ಮೇಷ್ಟ್ರು ನೆನಪಾದರು. ನೆನಪಾದಾಗಲೆಲ್ಲ ಸಿಟ್ಟು ಬರುತ್ತದೆ... ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಆದರೂ ಆರಿಲ್ಲ.

ಅರವತ್ತರ ದಶಕದ ಮೊದಲಲ್ಲಿ ನಾನು ಮೇಲೂರಿನಿಂದ ಶಿಡ್ಲಘಟ್ಟದ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದೆ. ನಮ್ಮದು ಊರಾಚೆಯ ಕೇರಿ. ಅಪ್ಪ ರೇಷ್ಮೆ ನೂಲು ಬಿಚ್ಚುವ ಕಡೆ ಕೂಲಿ. ನಾನು ಹೈಸ್ಕೂಲು ಸೇರುವ ಮೊದಲೇ ಅವನು ನಾಲ್ಕಾರು ಗೆಳೆಯರೊಂದಿಗೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದಿದ್ದ. "ಇನ್ಮೇಲೆ ಯಾರ ಗುಡಿ ಬಾಗ್ಲಾಗೂ ಕೈಕಟ್ಕೊಂಡು ನಿಂತ್ಕಣಾದಿಲ್ಲ ಕಣವ್ವ" ಎಂದಿದ್ದ. ಅವನ ಹತ್ತಿರ ಹೇಳಿಕೊಳ್ಳುವಂಥ ಆಸ್ತಿ ಎಂದರೆ ಆ ಮಾತೊಂದೇ.

ಕ್ಲಾಸಿನಲ್ಲಿ ನಾನು ಗೋಡೆಯ ಪಕ್ಕದ ಕೊನೆಯ ಬೆಂಚು. ಒಂದು ದಿನ ಮೇಷ್ಟ್ರು ಸೀದಾ ನನ್ನ ಬಳಿ ಬಂದು, "ಎರಡು ಬಳೆ ಕೊಡಮ್ಮ" ಎಂದು ಕೈ ಚಾಚಿದರು. ತೆಗೆದು ಕೊಟ್ಟೆ, ಒಂದು ನನ್ನದು, ಇನ್ನೊಂದು ನಾನು ಹಾಕಿಕೊಂಡಿದ್ದ ಅಮ್ಮನ ಸಡಿಲ ಬಳೆ. ಅದುವರೆಗೆ ಯಾವ ಮೇಷ್ಟ್ರೂ ನನ್ನ ಕೈಯಿಂದ ಏನನ್ನೂ ತೆಗೆದುಕೊಂಡಿರಲಿಲ್ಲ. ಮುಂದಿನ ಬೆಂಚಿನ ಹುಡುಗಿಯರು ಕತ್ತು ತಿರುಗಿಸಿ ನೋಡಿದರು. ನಾನು ಆ ದಿನವೇ ಅವರಿಗೆ ಮಾರುಹೋದೆ.

ದೊಡ್ಡ ಬಳೆ ಸರ್ಕಾರ, ಚಿಕ್ಕದು ಧರ್ಮ ಎಂದರು. ಚಿಕ್ಕದನ್ನು ದೊಡ್ಡದರೊಳಗೆ ಇಟ್ಟು, ಇದು ಇಂಗ್ಲೆಂಡು, ಅಲ್ಲಿ ರಾಣಿಯೇ ಚರ್ಚಿಗೂ ಯಜಮಾನಿ ಎಂದರು. ಮೇಜಿನ ಆ ತುದಿಗೊಂದು ಈ ತುದಿಗೊಂದು ಇಟ್ಟರೆ ಅಮೆರಿಕ. ರಾಜರ ಚರ್ಚಿನ ಕಾಟ ತಾಳದೆ ಓಡಿಹೋದವರು ಅಲ್ಲಿದ್ದರಲ್ಲ, ಅದಕ್ಕೆ ಎರಡನ್ನೂ ದೂರ ಇಟ್ಟರಂತೆ. ಫ್ರಾನ್ಸಿಗೆ ಬಂದಾಗ ಚಿಕ್ಕ ಬಳೆಯನ್ನು ಡ್ರಾಯರಿಗೆ ಹಾಕಿ ಮುಚ್ಚಿಬಿಟ್ಟರು. "ರಾಜನ ಜೊತೆ ಪಾದ್ರಿಗಳೂ ಸೇರ್ಕೊಂಡು ಜನಾನ ಹಿಂಡಿದ್ರು. ಅದಕ್ಕೆ, ದೇವರನ್ನ ಮನೇಲಿಟ್ಕಳಿ, ಸರ್ಕಾರದ ಸ್ಕೂಲಿಗೆ ತರಬೇಡಿ ಅಂದ್ರು. ಯಾವ ದೇಶಕ್ಕೆ ಎಲ್ಲಿ ಗಾಯ ಆಗಿತ್ತೋ ಅಲ್ಲಿಗೆ ಪಟ್ಟಿ ಕಟ್ಕೊಂಡಿದೆ."

ಕೊನೆಗೆ ನಮ್ಮ ದೇಶ. ಎರಡೂ ಬಳೆಗಳನ್ನು ಪಕ್ಕಪಕ್ಕದಲ್ಲಿ ತಾಕಿಸಿ ಇಟ್ಟರು. ಒಬ್ಬಳು ಎದ್ದು, "ಗುಡಿ ದೀಪದ ಎಣ್ಣೆಗೆ ಸರ್ಕಾರದ ಮುಜರಾಯಿಯೋರೇ ಕೊಡ್ತಾರಲ್ಲ ಸಾರ್?" ಎಂದಳು. ಮೇಷ್ಟ್ರು ನಕ್ಕರು. "ಅದಕ್ಕೇ ಕಣಮ್ಮ ತಾಕಿಸಿ ಇಟ್ಟಿದ್ದು. ಆದ್ರೆ ನೀನು ಯಾವ ದೇವರಿಗೆ ಕೈ ಮುಗೀತೀಯ ಅಂತ ನಮ್ಮ ಸರ್ಕಾರ ಕೇಳಾದಿಲ್ಲ." ಹಾಗೆಂದು ಬಳೆಗಳನ್ನು ನನ್ನ ಕೈಗೇ ಕೊಟ್ಟರು.

ಎಸ್ಸೆಸ್ಸೆಲ್ಸಿ ಮುಗಿಯಿತು. ಚಿಕ್ಕಬಳ್ಳಾಪುರದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಆದರೆ ನಮ್ಮಂಥವರ ಹಾಸ್ಟೆಲ್ ಸಿಕ್ಕದಿದ್ದರೆ ಓದು ಅಲ್ಲಿಗೇ ನಿಂತಂತೆ. ಅರ್ಜಿಯಲ್ಲಿ ಧರ್ಮ ಎಂಬ ಕಾಲಂ ಇತ್ತು. ಏನು ಬರೆಯಲಿ ಎಂದು ಮೇಷ್ಟ್ರನ್ನೇ ಕೇಳಿದೆ. "ನಿಜಾನೇ ಬರಿ, ನಾನಿದ್ದೀನಿ" ಎಂದರು. ಬೌದ್ಧ ಎಂದು ಬರೆದೆ.

ಸಂದರ್ಶನಕ್ಕೆ ಅವರೂ ಜೊತೆಗೆ ಬಂದರು. ಅಪ್ಪ ಹೊರಗೆ ಹೊಂಗೆಮರದ ಕೆಳಗೆ ಕೂತ. ಒಳಗಿದ್ದ ಸಾಹೇಬರು ಅರ್ಜಿ ನೋಡಿ ಹುಬ್ಬು ಗಂಟಿಕ್ಕಿದರು. ಹಿಂದೂ ಎಂದಿದ್ದರೆ ಮಾತ್ರ ಪರಿಶಿಷ್ಟರ ಸವಲತ್ತು, ಬೌದ್ಧರಿಗಿಲ್ಲ, ರೂಲ್ಸು ಹಾಗಿದೆ ಎಂದರು. ಆಮೇಲೆ, "ಯಾರಮ್ಮ ಹಿಂಗೆ ಬರೆಯೋಕೆ ಹೇಳಿದ್ದು?" ಎಂದರು.

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಸಾಹೇಬರ ಕಡೆ ತಿರುಗಿ ತೆಲುಗಿನಲ್ಲಿ, "ನಾಕೇಂ ತೆಲುಸು ಸಾರ್, ವಾಳ್ಳ ಇಂಟ್ಲೋ ಚೆಪ್ಪಿಂಟಾರು" ಎಂದರು. ನನಗೇನು ಗೊತ್ತು ಸಾರ್, ಅವರ ಮನೆಯಲ್ಲಿ ಹೇಳಿಕೊಟ್ಟಿರುತ್ತಾರೆ... ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ? ಪಾಠಕ್ಕೆ ಕನ್ನಡ, ಕೈಬಿಡುವುದಕ್ಕೆ ತೆಲುಗು! ನಂಬಿದವಳನ್ನು ನಡುನೀರಿನಲ್ಲಿ ಬಿಟ್ಟು ತಾವು ದಡ ಸೇರಿಕೊಂಡರು.

ಆಮೇಲೆ ತಮ್ಮ ಜೇಬಿನ ಪೆನ್ನನ್ನೇ ತೆಗೆದು ನನಗೆ ಕೊಟ್ಟರು. "ಹೊಡೆದಾಕಿ ಹಿಂದೂ ಅಂತ ಬರಿಯಮ್ಮ. ಒಂದು ಪದ ತಾನೆ?" ಕಿಟಕಿಯಾಚೆ ಅಪ್ಪನ ಬೆನ್ನು ಕಾಣುತ್ತಿತ್ತು. ನಾನು ಹೊಡೆದು ಹಾಕಿ ಬರೆದೆ. ಸಾಹೇಬರು ಸಹಿ ಹಾಕಿದರು.

ಹೊರಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಬೌದ್ಧ ಅಂತ್ಲೇ ಇಟ್ಕಂಡ್ರೇನವ್ವ?"

"ಹೂಂ ಅಪ್ಪ."

ಬಸ್ ಸ್ಟ್ಯಾಂಡಿನವರೆಗೂ ಅವನು ಎದೆ ಸೆಟೆಸಿಕೊಂಡು ನಡೆದ. ಮೇಷ್ಟ್ರಿಗೆ ಕೈಮುಗಿದು, "ತಮ್ಮಿಂದ ಮಾನ ಉಳೀತು ಸ್ವಾಮಿ" ಎಂದ. ಮೇಷ್ಟ್ರು ಆ ನಮಸ್ಕಾರವನ್ನೂ ತೆಗೆದುಕೊಂಡರು.

ನಾನು ಟೀಚರ್ ಆದೆ, ಗೌರಿಬಿದನೂರಿನ ಕಡೆ ಕೆಲಸ ಸಿಕ್ಕಿತು. ಒಮ್ಮೆ ತೊಂಡೇಬಾವಿ ಸ್ಟೇಷನ್ನಿನಲ್ಲಿ ಮೇಷ್ಟ್ರು ಸಿಕ್ಕಿದರು. ಜೊತೆಗಿದ್ದವರಿಗೆ, "ನಮ್ಮ ಹುಡುಗಿ, ಹಾಸ್ಟೆಲ್ ಕೊಡ್ಸಿದ್ದೇ ನಾನು" ಎಂದು ಹೇಳಿಕೊಂಡರು. ಸುಳ್ಳೇನಲ್ಲ. ನಾನು ನಕ್ಕೆ. ಆಮೇಲೊಂದು ದಿನ ಅವರು ತೀರಿಹೋದರೆಂದು ಕೇಳಿದೆ, ನೋಡಲು ಹೋಗಲಿಲ್ಲ. ಆ ಪಾಠವನ್ನು ನಾನೂ ವರ್ಷವರ್ಷ ಮಾಡಿದೆ. ಇಂಗ್ಲೆಂಡು, ಅಮೆರಿಕ, ಫ್ರಾನ್ಸು ಬಾಯಿಪಾಠ. ನಮ್ಮ ದೇಶ ಬಂದಾಗ ಮಾತ್ರ, ಪುಸ್ತಕ ನೋಡಿಕೊಂಡು ನೀವೇ ಓದಿಕೊಳ್ಳಿ ಎನ್ನುತ್ತಿದ್ದೆ.

ಅಪ್ಪನನ್ನು ಮಣ್ಣು ಮಾಡಿದ ದಿನ ಕೇರಿಯ ಹಿರಿಯರೊಬ್ಬರು, "ಮಗಳ್ನ ಬೌದ್ಧಳಾಗೇ ಓದ್ಸಿ ಟೀಚರ್ ಮಾಡ್ದ, ಗಂಡು ಅಂದ್ರೆ ಅವ್ನು" ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ...

"ಯಾವ್ದು ಕೊಡ್ಲಮ್ಮ?" ಬಳೆಗಾರ ಎರಡನೇ ಸಲ ಕೇಳಿದ. ಮೊಮ್ಮಗಳು ಚಿಕ್ಕದನ್ನು ತೋರಿಸಿದಳು. ಮೇಷ್ಟ್ರು ನನ್ನನ್ನು ಕೈಬಿಟ್ಟದ್ದು ಒಂದೇ ಸಲ. ಅಪ್ಪನನ್ನು ನಾನು, ಆ 'ಹೂಂ' ಅಂದ ದಿನದಿಂದ ಅವನು ಸಾಯುವವರೆಗೆ, ಕೈಬಿಡುತ್ತಲೇ ಬಂದೆ.